ನ್ಯೂಯಾರ್ಕಾ, ಸ್ಯಾನ್ ಫ್ರಾನ್ಸಿಸ್ಕೊನಾ? ಮನೆ ಗುಂಪಿನಲ್ಲಿ ನಡೆದ ಚರ್ಚೆ

ಪುಟ್ಟ (ಅಣ್ಣನ ಮಗ): ಎರಡು ಊರುಗಳ ಹೋಲಿಕೆ ಪಟ್ಟಿ ಕಳಿಸಿದ್ದೇನೆ, ಎಲ್ಲರೂ ನೋಡಿ. ಎರಡೂ ಕಡೆಯಿಂದ ಆಫರ್ ಬಂದಿದೆ. ಒಂದು ಮ್ಯಾನ್‌ಹಟನ್‌ನಲ್ಲಿ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಶುಕ್ರವಾರದೊಳಗೆ ಹೇಳಬೇಕು. ಪಟ್ಟಿ ಪ್ರಕಾರ ಸ್ಯಾನ್ ಫ್ರಾನ್ಸಿಸ್ಕೊನೇ ಮೇಲು.

ಅಣ್ಣ (ಮೈಸೂರು): ನನಗೂ ಹಾಗೇ ಅನ್ನಿಸುತ್ತೆ. 2021ರಲ್ಲಿ ಬೆಂಗಳೂರಿಗೂ ಅಲ್ಲಿಗೂ ನೇರ ವಿಮಾನ ಶುರುವಾಯಿತಲ್ಲ, ಹೆಣ್ಣುಮಕ್ಕಳೇ ಓಡಿಸಿಕೊಂಡು ಬಂದಿದ್ದರು.

ನಾನು (ಜೆರ್ಸಿ ಸಿಟಿ, ನ್ಯೂಯಾರ್ಕ್ ಹತ್ತಿರ): ಅಣ್ಣ, ವಿಮಾನ ಇವತ್ತು ಇರುತ್ತೆ, ನಾಳೆ ನಿಲ್ಲಿಸುತ್ತಾರೆ. ಅದನ್ನು ನಂಬಿ ಊರು ಆರಿಸಬಾರದು.

ತಮ್ಮ (ಫ್ರೀಮಾಂಟ್, ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ): ವಿಮಾನ ಬಿಡಿ. ಪುಟ್ಟ, ನ್ಯೂಯಾರ್ಕ್ ನಗರದೊಳಗೆ ಇದ್ದರೆ ರಾಜ್ಯದ ಟ್ಯಾಕ್ಸ್ ಜೊತೆಗೆ ನಗರಕ್ಕೂ ಶೇಕಡಾ 3ರಿಂದ 4ರವರೆಗೆ ಕಟ್ಟಬೇಕು. ಇಲ್ಲಿ ಅದಿಲ್ಲ. ಹಿಮದ ಕಾಟ ಇಲ್ಲ. ಎಲ್ಲಕ್ಕಿಂತ ಮುಖ್ಯ, ಕೆಲಸ ಹೋದರೆ ಎಚ್-1ಬಿ ಕೆಲಸದ ವೀಸಾದವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಹುಡುಕಬೇಕು. ಇಷ್ಟೊಂದು ಸಾಫ್ಟ್‌ವೇರ್ ಕಂಪನಿಗಳು ಅಕ್ಕಪಕ್ಕದಲ್ಲೇ ಇರುವುದು ಇಲ್ಲಿ. ಕೆಲಸ ಬಿಟ್ಟ ಮೇಲೆ ಎದುರಾಳಿ ಕಂಪನಿಗೆ ಸೇರಬಾರದು ಅಂತ ಬರೆಸಿಕೊಂಡರೂ ಕ್ಯಾಲಿಫೋರ್ನಿಯಾದಲ್ಲಿ ಅದು ನಡೆಯಲ್ಲ.

ನಾನು: 60 ದಿನದ ಮಾತು ಒಪ್ಪುತ್ತೇನೆ. ಅದು ಸಣ್ಣ ವಿಷಯ ಅಲ್ಲ. ಟ್ಯಾಕ್ಸಿನ ಮಾತು ಮಾತ್ರ ಅರ್ಧ ನಿಜ. ಪುಟ್ಟ ನಮ್ಮ ಹಾಗೆ ನದಿಯ ಆಚೆ, ಜೆರ್ಸಿ ಸಿಟಿಯಲ್ಲಿ ಮನೆ ಮಾಡಿದರೆ ನ್ಯೂಯಾರ್ಕ್ ರಾಜ್ಯದ ಟ್ಯಾಕ್ಸ್ ಇರುತ್ತೆ, ನಗರದ್ದು ಇಲ್ಲ. ನೀನೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಲ್ಲ, ಫ್ರೀಮಾಂಟ್‌ನಲ್ಲಿದ್ದೀಯ. ಈ ಪಟ್ಟಿ ಹೋಲಿಸಿರುವುದು ನಾವ್ಯಾರೂ ಇರದ ಎರಡು ಊರುಗಳನ್ನು.

ನನಗೆ ಬೇಜಾರಾಗಿದ್ದು ಇನ್ನೊಂದು ಕಾರಣಕ್ಕೆ. ಸಂಬಳ, ಬಾಡಿಗೆ, ಹವೆ ಎಲ್ಲ ಬರೆದಿದ್ದಾರೆ. ಹಗಲೆಲ್ಲ ಮನೆಯಲ್ಲಿ ಇರುವವಳ ಲೆಕ್ಕ ಎಲ್ಲಿದೆ? ಸೊಸೆ, ಅಂದರೆ ಪುಟ್ಟನ ಹೆಂಡತಿ, ಬರುವುದು ಎಚ್-4ನಲ್ಲಿ, ಗಂಡನ ವೀಸಾ ಆಧಾರದ ಮೇಲೆ ಸಿಗುವ ವೀಸಾ ಅದು. ಪುಟ್ಟನ ಗ್ರೀನ್ ಕಾರ್ಡ್ ಕಾಗದಗಳಲ್ಲಿ ಐ-140 ಅನ್ನುವ ಕಂಪನಿಯ ಅರ್ಜಿ ಮಂಜೂರಾಗುವವರೆಗೆ ಅವಳು ಕೆಲಸ ಮಾಡುವ ಹಾಗಿಲ್ಲ. ಆ ಅವಕಾಶ ಬಂದಿದ್ದೂ 2015ರಲ್ಲಿ. ನಾನು ಬಂದಾಗ ಅದೂ ಇರಲಿಲ್ಲ. ಆಗ ನಾವಿದ್ದದ್ದು ಕ್ಯಾಲಿಫೋರ್ನಿಯಾದಲ್ಲೇ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ನಾನು. ಅಲ್ಲಿ ಕೊತ್ತಂಬರಿ ಸೊಪ್ಪು ಬೇಕಾದರೂ ಇವರು ಕಾರು ತಗೊಂಡು ವಾಪಸ್ ಬರುವವರೆಗೆ ಕಾಯಬೇಕಿತ್ತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೂ ಸುಮ್ನೆ ಅಳು ಬರುತ್ತಿತ್ತು.

ಇಲ್ಲಿಗೆ ಬಂದ ಮೇಲೆ ನ್ಯೂಅರ್ಕ್ ಅವೆನ್ಯೂಗೆ ನಡೆದುಕೊಂಡೇ ಹೋಗಿ ಸೊಪ್ಪು, ತೆಂಗಿನಕಾಯಿ ತಂದೆ. ಪಾತ್ ರೈಲು ಹತ್ತಿದರೆ ಮ್ಯಾನ್‌ಹಟನ್. ರಾತ್ರಿಯಿಡೀ ಓಡುತ್ತೆ. 42ನೇ ಬೀದಿಯ ಲೈಬ್ರರಿಯಲ್ಲಿ ದುಡ್ಡು ಕೊಡದೆ ಸಂಜೆವರೆಗೆ ಓದುತ್ತಾ ಕೂರಬಹುದು. ಫ್ಲಶಿಂಗ್‌ನ ಗಣೇಶನ ದೇವಸ್ಥಾನಕ್ಕೆ ಒಬ್ಬಳೇ ಹೋಗಿ, ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ಬರುತ್ತಿದ್ದೆ. ಯಾರನ್ನೂ ಕೇಳಬೇಕಾಗಿರಲಿಲ್ಲ.

ತಮ್ಮ: ಅಕ್ಕ, ಆ ಕಾಲ ಬೇರೆ. ಈಗ ಇಲ್ಲಿ ಸಂಜೆ ಪಾರ್ಕಿಗೆ ಹೋದರೆ ಕನ್ನಡ ಕಿವಿಗೆ ಬೀಳುತ್ತೆ. ಬಾರ್ಟ್ ರೈಲಿನ ಎಲ್ಲ ಸ್ಟೇಷನ್‌ಗಳಲ್ಲೂ ಲಿಫ್ಟ್ ಇದೆ. ನ್ಯೂಯಾರ್ಕ್ ಸಬ್‌ವೇಯ 472 ಸ್ಟೇಷನ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕಷ್ಟೇ ಇದೆ. ಅಣ್ಣ, ಅತ್ತಿಗೆ ಬಂದಾಗ ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಿಸುತ್ತೀಯಾ? ಜನವರಿಯಲ್ಲಿ ಹೊರಗೆ ಕರೆದುಕೊಂಡು ಹೋಗುತ್ತೀಯಾ? ಕಾರು ಓಡಿಸುವುದನ್ನು ಸೊಸೆ ಬೇಗ ಕಲಿಯುತ್ತಾಳೆ.

ಅತ್ತಿಗೆ: ನಮ್ಮ ಮಂಡಿ ಇರಲಿ. ನಾವು ಬಂದು ಇರುವುದು ಸ್ವಲ್ಪ ದಿನ. ಫೋನ್ ಯಾವ ಹೊತ್ತಿಗೆ ಮಾಡಬಹುದು ಅಂತ ಹೇಳಿ.

ನಾನು: ಅತ್ತಿಗೆ, ಕೇಳಿದ್ದು ಒಳ್ಳೆಯದಾಯಿತು. ಬೇಸಿಗೆಯಲ್ಲಿ ನಿಮಗೆ ಸಂಜೆ ಏಳೂವರೆ ಅಂದರೆ ನಮಗೆ ಬೆಳಿಗ್ಗೆ ಹತ್ತು, ತಮ್ಮನ ಊರಲ್ಲಿ ಏಳು. ಇಲ್ಲಿ ಗಂಡ ಆಫೀಸಿಗೆ ಹೋದ ಮೇಲೆ ನಿಮ್ಮ ಜೊತೆ ಮಾತಾಡಲು ಸಮಯ ಸಿಗುತ್ತೆ. ಅಲ್ಲಿ ಬೆಳಿಗ್ಗೆ ಹತ್ತಾಗುವಷ್ಟರಲ್ಲಿ ಮೈಸೂರಿನಲ್ಲಿ ರಾತ್ರಿ ಹತ್ತೂವರೆ. ಆಮೇಲೆ ಮಧ್ಯಾಹ್ನವೆಲ್ಲ ಯಾರಿಗೆ ಫೋನ್ ಮಾಡೋದು? ನೀವೆಲ್ಲ ಮಲಗಿರುತ್ತೀರಿ. ಆ ಮಧ್ಯಾಹ್ನಗಳು ನನಗೆ ಗೊತ್ತು.

ಅಣ್ಣ: ಅಲ್ಲಿ ಭೂಕಂಪ ಬೇರೆ ಆಗುತ್ತಂತೆ?

ತಮ್ಮ: 1989ರಲ್ಲಿ ದೊಡ್ಡದಾಗಿತ್ತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಸಬ್‌ವೇ ಸುರಂಗಗಳಿಗೇ ನೀರು ನುಗ್ಗಿತ್ತು. ಆ ಭಯ ಎರಡೂ ಕಡೆ ಇದೆ ಅಣ್ಣ.

ಪುಟ್ಟ: ಅತ್ತೆ, ಸ್ಯಾನ್ ಫ್ರಾನ್ಸಿಸ್ಕೊ ಊರೊಳಗೇ ಮನೆ ಮಾಡಿದರೆ? ಅಲ್ಲಿ ಕಾರಿಲ್ಲದೆ ನಡೆಯುತ್ತಲ್ವಾ?

ನಾನು: ನಡೆಯುತ್ತೆ. ಏಳು ಮೈಲಿ ಉದ್ದ, ಏಳು ಮೈಲಿ ಅಗಲದ ಊರು. ಮ್ಯೂನಿ ಬಸ್ಸು ಎಲ್ಲ ಕಡೆ ಹೋಗುತ್ತೆ. ಗೋಲ್ಡನ್ ಗೇಟ್ ಪಾರ್ಕ್ ಪಕ್ಕದ ಸನ್‌ಸೆಟ್ ಬಡಾವಣೆ ಕಡೆ ನೋಡು. ಜುಲೈನಲ್ಲೂ ಮಂಜು ಕವಿದು ಸ್ವೆಟರ್ ಬೇಕಾಗುತ್ತೆ, ಅಷ್ಟೇ. ಆದರೆ ನಮ್ಮ ಜನ, ನಮ್ಮ ಅಂಗಡಿಗಳು ಜಾಸ್ತಿ ಇರುವುದು ಫ್ರೀಮಾಂಟ್, ಸನಿವೇಲ್ ಕಡೆ. ಊರೊಳಗಿನ ಬಾಡಿಗೆ ಹಿಡಿದು ಹೊಸದಾಗಿ ಲೆಕ್ಕ ಹಾಕು. ಅದಕ್ಕೂ ಮೊದಲು ಹೆಂಡತಿಯನ್ನು ಕೇಳು. ಅವಳೂ ಗುಂಪಿನಲ್ಲಿದ್ದಾಳೆ. ಬೆಳಿಗ್ಗೆಯಿಂದ ಒಂದು ಮಾತೂ ಬರೆದಿಲ್ಲ.

ಸೊಸೆ: ಎಲ್ಲ ಓದುತ್ತಿದ್ದೆ ಅತ್ತೆ. ನನಗೆ ಚಳಿಯ ಭಯ ಇಲ್ಲ. ಕೆಲಸ ಬಿಟ್ಟು ಸುಮ್ಮನೆ ಕೂರುವುದೇ ಭಯ. ಎಚ್-4ನಲ್ಲಿ ಕಾಲೇಜಿಗೆ ಸೇರಬಹುದು ಅಂತ ಓದಿದೆ. ನಿಜಾನಾ?

ನಾನು: ನಿಜ ಕಣಮ್ಮ. ಬೇರೆ ವೀಸಾ ಬೇಕಿಲ್ಲ. ಇಲ್ಲಿ ಜರ್ನಲ್ ಸ್ಕ್ವೇರ್ ಸ್ಟೇಷನ್ ಹತ್ತಿರವೇ ಹಡ್ಸನ್ ಕೌಂಟಿ ಕಮ್ಯುನಿಟಿ ಕಾಲೇಜು ಇದೆ.

ತಮ್ಮ: ಫ್ರೀಮಾಂಟ್‌ನಲ್ಲೂ ಓಲೋನ್ ಕಾಲೇಜು ಇದೆ.

ಸೊಸೆ: ಹಾಗಾದರೆ ಇಬ್ಬರೂ ಫೀಸು ಎಷ್ಟು, ಕಾರಿಲ್ಲದೆ ಹೋಗಿ ಬರಲು ಎಷ್ಟು ಹೊತ್ತು ಅಂತ ಕಳಿಸಿ. ನಾಳೆ ನಾನೂ ಇವರೂ ಕೂತು ನೋಡುತ್ತೇವೆ.

ತಮ್ಮ: ರಾತ್ರಿ ಕಳಿಸುತ್ತೇನಮ್ಮ. ಬಾರ್ಟ್ ಸ್ಟೇಷನ್‌ಗೆ ನಡೆದು ಹೋಗುವ ದೂರದಲ್ಲಿರುವ ಮನೆಗಳ ಬಾಡಿಗೆಯನ್ನೂ ವಿಚಾರಿಸುತ್ತೇನೆ.