ಕಾಯಿಲೆಯ ಗೆಳೆಯನ ಜೊತೆ ಕೂತು 'ಟ್ರೂಮನ್' ನೋಡಬಹುದಾ?

ಸಂಜೆಮಳೆ:
ನನ್ನ ಗೆಳೆಯನಿಗೆ ಕ್ಯಾನ್ಸರ್, ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಭಾನುವಾರ ಒಟ್ಟಿಗೆ ಸಿನಿಮಾ ನೋಡುತ್ತೇವೆ. "ಬರೀ ಅಳಿಸೋದು ಬೇಡ, ಸುಳ್ಳು ಧೈರ್ಯ ಹೇಳೋದೂ ಬೇಡ" ಅಂತಾನೆ. ಹಿಂದಿಯ 'ಆನಂದ್' ಸಿನಿಮಾ ಇಬ್ಬರಿಗೂ ಬಾಯಿಪಾಠ. 2015ರ ಸ್ಪ್ಯಾನಿಷ್ ಸಿನಿಮಾ 'ಟ್ರೂಮನ್' ಹೇಗಿದೆ?

ಕಾಫಿತೋಟ:
ಖಂಡಿತ ನೋಡಿ, ಆದರೆ ಮೊದಲು ನೀವೊಬ್ಬರೇ ನೋಡಿಬಿಡಿ. ಮ್ಯಾಡ್ರಿಡ್‌ನಲ್ಲಿರುವ ನಟ ಹೂಲಿಯನ್‌ಗೆ ಶ್ವಾಸಕೋಶದ ಕ್ಯಾನ್ಸರ್, ಇನ್ನು ಕೀಮೋ ಬೇಡ ಎಂದು ನಿರ್ಧಾರ ಮಾಡಿದ್ದಾನೆ. ಹಳೇ ಗೆಳೆಯ ತೊಮಾಸ್ ಕೆನಡಾದಿಂದ ನಾಲ್ಕು ದಿನಕ್ಕೆ ಬರುತ್ತಾನೆ. ಟ್ರೂಮನ್ ಅಂದರೆ ಹೂಲಿಯನ್‌ನ ನಾಯಿ, ತಾನು ಹೋದಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದೇ ಅವನ ದೊಡ್ಡ ಚಿಂತೆ. ಒಡೆಯ ಇಲ್ಲದಿದ್ದರೆ ನಾಯಿಗೂ ದುಃಖ ಆಗುತ್ತದಾ ಎಂದು ಪಶುವೈದ್ಯರನ್ನು ಕೇಳುವಾಗ ನಗು ಬರುತ್ತದೆ, ಗಂಟಲೂ ಕಟ್ಟುತ್ತದೆ. ತನ್ನದೇ ಅಂತ್ಯಕ್ರಿಯೆಯ ಏರ್ಪಾಡು ವಿಚಾರಿಸಲು ಹೋಗುವ ದೃಶ್ಯವೂ ಇದೆ, ಅದು ಗೊತ್ತಿರಲಿ.

ಹಳೇರೀಲು:
ನನಗೆ 'ಆನಂದ್'ಗಿಂತ ಇದೇ ಇಷ್ಟ. ಹೃಷಿಕೇಶ್ ಮುಖರ್ಜಿಯವರ ಆ 1971ರ ಸಿನಿಮಾದಲ್ಲಿ ಸಾಯುವವನೇ ಎಲ್ಲರನ್ನೂ ನಗಿಸುತ್ತಾನೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮುರಾರಿಲಾಲ್ ಎಂದು ಕರೆದು ಗೆಳೆಯರನ್ನಾಗಿ ಮಾಡಿಕೊಳ್ಳುತ್ತಾನೆ. ಚೆಂದವೇ. ಆದರೆ ನೋವಲ್ಲಿರುವವರ ಮೇಲೆ ನಗಿಸುವ ಕೆಲಸವನ್ನೂ ಹೊರಿಸಬೇಕಾ? ಹೂಲಿಯನ್ ಸಿಡುಕುತ್ತಾನೆ, ಹಠ ಮಾಡುತ್ತಾನೆ, ಎಲ್ಲ ಖರ್ಚನ್ನೂ ತೊಮಾಸ್ ಕೈಯಲ್ಲೇ ಮಾಡಿಸುತ್ತಾನೆ. ಹೋಟೆಲಿನಲ್ಲಿ ಪರಿಚಯದವರು ಕಂಡೂ ಕಾಣದಂತೆ ಇದ್ದಾಗ ಎದ್ದು ಹೋಗಿ ಮುಖಕ್ಕೇ ಕೇಳುತ್ತಾನೆ. ತೊಮಾಸ್ ಜಾಸ್ತಿ ಬುದ್ಧಿ ಹೇಳುವುದಿಲ್ಲ, ಸುಮ್ನೆ ಜೊತೆಗಿರುತ್ತಾನೆ, ಅಷ್ಟು ಮಾಡುವುದೇ ಎಷ್ಟು ಕಷ್ಟ ಅಲ್ವಾ! ಹೂಲಿಯನ್ ಆಗಿರುವ ರಿಕಾರ್ಡೊ ದಾರಿನ್, ತೊಮಾಸ್ ಆಗಿರುವ ಹಾವಿಯೆರ್ ಕಾಮರಾ ಇಬ್ಬರಿಗೂ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಒಟ್ಟಿಗೇ ನಟನೆಯ ಪ್ರಶಸ್ತಿ ಕೊಟ್ಟಿದ್ದು ಸರಿಯಾಗಿಯೇ ಇದೆ. ಒಬ್ಬರಿಲ್ಲದೆ ಇನ್ನೊಬ್ಬರ ಅಭಿನಯ ನಿಲ್ಲುವುದಿಲ್ಲ.

ನದಿದಂಡೆ:
ನಿಮ್ಮ ಗೆಳೆಯರಿಗೆ ಮಕ್ಕಳಿದ್ದಾರಾ? ಹೂಲಿಯನ್ ಮಗನಿಗೆ ವಿಷಯ ಹೇಳಲೆಂದು ಆಮ್ಸ್ಟರ್‌ಡ್ಯಾಮ್‌ಗೆ ಹೋಗುತ್ತಾನೆ, ಎದುರಿಗೆ ಕೂತಾಗ ಬಾಯೇ ಬರುವುದಿಲ್ಲ. ನನ್ನ ಅಪ್ಪನ ಕೊನೆಯ ದಿನಗಳಲ್ಲಿ ನಾವೂ ಹಾಗೇ ಸುಮ್ಮನಿದ್ದೆವು, ಅದಕ್ಕೇ ಆ ಭಾಗ ನನಗೆ ತಡೆಯಲಾಗಲಿಲ್ಲ.

ಸಂಜೆಮಳೆ:
ಮಗಳಿದ್ದಾಳೆ, ಪಿಯುಸಿ. ಹಾಗಾದರೆ ಆಮ್ಸ್ಟರ್‌ಡ್ಯಾಮ್ ವಿಷಯ ಮೊದಲೇ ಅವನಿಗೆ ಹೇಳುತ್ತೇನೆ, ನೋಡುವುದೋ ಬಿಡುವುದೋ ಅವನಿಗೇ ಬಿಟ್ಟದ್ದು. ಹೋಟೆಲಿನ ದೃಶ್ಯವಂತೂ ಅವನಿಗೆ ಹಿಡಿಸುತ್ತದೆ. ಆಫೀಸಿನ ಗೆಳೆಯರು ಫೋನ್ ಮಾಡುವುದನ್ನೇ ನಿಲ್ಲಿಸಿದ್ದಾರೆ, ಅದು ಅವನಿಗೆ ಕಾಯಿಲೆಗಿಂತ ಜಾಸ್ತಿ ಸಿಟ್ಟು ತರಿಸಿದೆ.