ಸುಟ್ಟ ಗಾಯಕ್ಕೆ ಬಿಳಿ ಕ್ರೀಮ್ ಹಚ್ತಾ ಇದ್ರೂ ವಾಸನೆ ಬರ್ತಿದೆ, ಏನ್ ಮಾಡೋದು?

ದಾವಣಗೆರೆ_ಮಗ
ಅಮ್ಮಂಗೆ 58 ವರ್ಷ, ಶುಗರ್ ಇದೆ. ಹೋದ ಶುಕ್ರವಾರ ಬೋಂಡಾ ಕರಿಯೋವಾಗ ಬಾಣಲೆ ವಾಲಿ ಎಣ್ಣೆ ಎಡಗೈ ಮೇಲೆ ಬಿತ್ತು, ಮುಂಗೈಯಿಂದ ಬೆರಳ ಸಂದಿವರೆಗೂ ಬೊಬ್ಬೆ. ನಾನು ಊರಲ್ಲಿರ್ಲಿಲ್ಲ, ಪಕ್ಕದ್ಮನೆಯವ್ರು ಹೇಳಿದ್ರು ಅಂತ ದೋಸೆ ಹಿಟ್ಟು ಬಳ್ಕೊಂಡಿದ್ರು. ಆಮೇಲೆ ಮೆಡಿಕಲ್ ಶಾಪಿಂದ ಸಿಲ್ವರ್ ಸಲ್ಫಾಡಯಾಜಿನ್ ಅನ್ನೋ ಬಿಳಿ ಕ್ರೀಮ್ ತಂದು ದಿನಕ್ಕೆರಡು ಸಲ ಹಚ್ತಿದೀವಿ. ಇವತ್ತು ಆರನೇ ದಿನ, ಮೇಲೆಲ್ಲಾ ಹಳದಿ ಪದರ, ಒಂದು ಕಡೆ ಹಸಿರು, ವಾಸನೆ ಬೇರೆ, ನೋವು ಮೊದ್ಲಿಗಿಂತ ಜಾಸ್ತಿ. ಶಾಪ್‌ನವ್ರು ಬೇಗ ಒಣಗುತ್ತೆ ಅಂತ ಇನ್ನೊಂದು ಟ್ಯೂಬ್ ಕೊಟ್ರು, ಅದ್ರಲ್ಲಿ ಬೀಟಾಮೆಥಾಸೋನ್, ನಿಯೋಮೈಸಿನ್ ಅಂತ ಬರ್ದಿದೆ. ಹಚ್ಬಹುದಾ?

ಡ್ರೆಸ್ಸಿಂಗ್_ಅಕ್ಕ
ಆ ಟ್ಯೂಬ್ ಹಚ್ಬೇಡಿ. ಬೀಟಾಮೆಥಾಸೋನ್ ಅಂದ್ರೆ ಸ್ಟಿರಾಯ್ಡ್, ಕೆಂಪು ಊತ ಕಮ್ಮಿ ಆದಂಗೆ ಕಾಣುತ್ತೆ ಆದ್ರೆ ಒಳಗೆ ಇನ್ಫೆಕ್ಷನ್‌ಗೆ ದಾರಿ ಬಿಟ್ಟಂಗಾಗುತ್ತೆ. ನಾನು ಬರ್ನ್ಸ್ ವಾರ್ಡಲ್ಲಿ ನರ್ಸ್.

ಒಂದು ಕೇಳ್ತೀನಿ, ಹಳೇ ಕ್ರೀಮ್ ತೊಳೆದು ಹೊಸದು ಹಚ್ತಿದೀರಾ ಅಥವಾ ಅದ್ರ ಮೇಲೇನೇ ಮೆತ್ತಿದೀರಾ? ಸಿಲ್ವರ್ ಕ್ರೀಮು ಗಾಯದ ನೀರಿನ ಜೊತೆ ಸೇರಿ ಹಳದಿ ಪದರ ಕಟ್ಟುತ್ತೆ, ಎಷ್ಟೋ ಜನ ಅದನ್ನೇ ಕೀವು ಅನ್ಕೋತಾರೆ. ಅದನ್ನ ತೆಗೀದೆ ಮೇಲೆ ಎಷ್ಟು ಹಚ್ಚಿದ್ರೂ ಔಷಧಿ ಗಾಯಕ್ಕೆ ತಾಗಲ್ಲ, ಗಾಯ ಎಷ್ಟು ಆಳ ಅಂತಾನೂ ಗೊತ್ತಾಗಲ್ಲ.

ಆದ್ರೆ ನಿಮ್ಮಮ್ಮಂಗೆ ಬರೀ ಪದರ ಇರ್ಲಾರದು. ಹಸಿರು, ವಾಸನೆ, ಜಾಸ್ತಿ ಆಗ್ತಿರೋ ನೋವು, ಮೇಲೆ ಶುಗರ್. ಹಸಿರು ಅಂದ್ರೆ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಇರ್ಬಹುದು. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಗಾಯದಿಂದ ಹತ್ತಿ ಕಡ್ಡೀಲಿ ಸ್ಯಾಂಪಲ್ (ಸ್ವಾಬ್) ತೆಗ್ದು ಲ್ಯಾಬ್‌ಗೆ ಕಳ್ಸಿ ಅಂತ ಕೇಳಿ, ಯಾವ ಕೀಟಾಣು ಅಂತ ಗೊತ್ತಾದ್ರೆ ಔಷಧಿ ಆರಿಸೋದು ಸುಲಭ. ಮ್ಯುಪಿರೋಸಿನ್ ಅನ್ನೋ ಮುಲಾಮು ಸ್ಟೆಫೈಲೊಕಾಕಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾಗೆ ಒಳ್ಳೇದು, ಸ್ಯೂಡೋಮೊನಾಸ್‌ಗೆ ಕೆಲ್ಸ ಮಾಡಲ್ಲ. ಸುತ್ತಲಿನ ಚರ್ಮ ಕೆಂಪಾಗಿ ಹರಡ್ತಿದ್ರೆ ಅಥವಾ ಜ್ವರ ಬಂದ್ರೆ ಬರೀ ಕ್ರೀಮ್ ಸಾಲಲ್ಲ, ಮಾತ್ರೆ ಅಥವಾ ಡ್ರಿಪ್ ಬೇಕು. ಉಂಗುರ ಬಳೆ ಇನ್ನೂ ಇದ್ರೆ ಈಗ್ಲೇ ತೆಗೀರಿ, ಟಿಟಿ ಇಂಜೆಕ್ಷನ್ ಆಗಿದ್ಯಾ ಕೇಳಿ, ಸಿಲ್ವರ್ ಕ್ರೀಮಲ್ಲಿ ಸಲ್ಫಾ ಔಷಧಿ ಇರುತ್ತೆ, ಅದಕ್ಕೆ ಅಲರ್ಜಿ ಇದ್ರೆ ಮೊದ್ಲೇ ಡಾಕ್ಟ್ರಿಗೆ ಹೇಳಿ.

ಹಾಸನದವ್ಳು
ಅಕ್ಕ ಹೇಳಿದ್ದು ನಿಜ. ನಮ್ಮಪ್ಪಂಗೂ ಸೈಲೆನ್ಸರ್ ತಾಗಿ ಕಾಲು ಸುಟ್ಟಿತ್ತು, ಸಣ್ಣದೇ ಗಾಯ ಅಂತ ಮೂರು ವಾರ ಮನೇಲೇ ಟ್ಯೂಬ್ ಬದಲಾಯಿಸ್ತಾ ಕೂತ್ವಿ, ಕೊನೆಗೆ ತೊಡೆ ಚರ್ಮ ತೆಗ್ದು ಗಾಯಕ್ಕೆ ಕಸಿ ಮಾಡ್ಬೇಕಾಯ್ತು. ಶುಗರ್ ಇರೋವ್ರಿಗೆ ಕಾಯೋದು ಬೇಡ.

ಅಂದಹಾಗೆ ತೊಳೆಯೋದು ಹೇಗೆ ಅಂತ ಸ್ವಲ್ಪ ಹೇಳಿ ಅಕ್ಕ, ಅಪ್ಪ ಅಂತೂ ಕಿರುಚ್ತಿದ್ರು.

ಡ್ರೆಸ್ಸಿಂಗ್_ಅಕ್ಕ
ಗಾಯಕ್ಕೆ ಅಂಟಿ ಒಣಗಿದ ಬಟ್ಟೆ ಎಳೀಬಾರದು, ಸಲೈನ್ ಅಥವಾ ಕುದಿಸಿ ಆರಿಸಿದ ನೀರಲ್ಲಿ ನೆನೆಸಿದ್ರೆ ತಾನೇ ಬಿಡುತ್ತೆ. ನೋವಿನ ಮಾತ್ರೆ ಅರ್ಧ ಗಂಟೆ ಮುಂಚೆ ಕೊಡಿ. ಗಾಜ್ ಬಟ್ಟೆಯಿಂದ (ಡ್ರೆಸ್ಸಿಂಗ್ ಬಟ್ಟೆ) ಮೆತ್ತಗೆ ಒರೆಸಿ, ಕ್ರೀಮ್ ಒಂದೂವರೆ ಮಿಲಿಮೀಟರ್ ದಪ್ಪ ಸಾಕು, ಬೆರಳುಗಳಿಗೆ ಬೇರೆ ಬೇರೆ ಸುತ್ತಿ, ಇಲ್ಲಾಂದ್ರೆ ಅಂಟ್ಕೊಳ್ತವೆ.

ದಾವಣಗೆರೆ_ಮಗ
ಹೋಗ್ಬಂದ್ವಿ. ನಾವು ತೊಳೀತಾನೇ ಇರ್ಲಿಲ್ಲ ಅಕ್ಕ, ಪದರದ ಮೇಲೆ ಪದರ. ಅದೆಲ್ಲಾ ತೆಗೆದ ಮೇಲೆ ಕೆಳಗೆ ಹಸಿ ಗಾಯ ಕಾಣ್ತು, ಅಮ್ಮ ಪಾಪ ತುಂಬಾ ಅತ್ರು. ಶುಗರ್ 312 ಇತ್ತು, ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕಿದಾರೆ, ಸ್ವಾಬ್ ರಿಪೋರ್ಟ್ ಇನ್ನೂ ಬರ್ಬೇಕು.