ಕನಕಾಂಬರದ ಬಣ್ಣ ಗಾಜಿನ ಮಣೀಲಿ ತರೋದು ಹೇಗೆ?

ಮಣಿಸರ_ಮೈಸೂರು
ಎಲ್ರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮನೇಲೇ ಗ್ಯಾಸ್ ಟಾರ್ಚ್ ಇಟ್ಕೊಂಡು ಲ್ಯಾಂಪ್‌ವರ್ಕ್ ಮಣಿ (ಉರೀಲಿ ಗಾಜಿನ ಕಡ್ಡಿ ಕರಗಿಸಿ ಮಾಡೋದು) ಮಾಡ್ತಿದೀನಿ, 104 ಗ್ಲಾಸ್ ರಾಡ್‌ಗಳಲ್ಲಿ (104 ಅಂದ್ರೆ ಬಿಸಿಗೆ ಗಾಜು ಎಷ್ಟು ಹಿಗ್ಗುತ್ತೆ ಅನ್ನೋ ಅಳತೆ). ಅಮ್ಮನಿಗೆ ಅರವತ್ತು ತುಂಬುತ್ತೆ, ಕನಕಾಂಬರದ ದಂಡೆ ಥರ ಕಾಣೋ ಒಂದು ಸರ ಮಾಡ್ಕೊಡ್ಬೇಕು ಅಂತ ತುಂಬಾ ಆಸೆ. ಆರೆಂಜ್ ರಾಡ್ ಒಂದನ್ನೇ ಹಾಕಿದ್ರೆ ಪ್ಲಾಸ್ಟಿಕ್ ಮಣಿ ಥರ ಇರುತ್ತೆ, ಕೆಂಪು ಹಳದಿ ಬೆರೆಸಿ ಎಳೆದ್ರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಅಜ್ಜಿಯ ಒಡೆದ ಬಳೆ ಚೂರಿನ ಬಣ್ಣ ಹತ್ತಿರ ಇತ್ತು ಅಂತ ಅದನ್ನ ಕರಗಿಸಿ ಮೇಲೆ ದಳ ಇಟ್ಟೆ, 510 ಡಿಗ್ರಿಗೆ ಕಿಲ್ನ್‌ನಲ್ಲಿ (ಬಿಸಿ ಗೂಡಲ್ಲಿ) ಇಟ್ಟು ನಿಧಾನವಾಗಿ ಆರಿಸಿದ್ರೂ ಬೆಳಿಗ್ಗೆ ನೋಡಿದ್ರೆ ನಾಲ್ಕರಲ್ಲಿ ಮೂರು ಮಣಿ ದಳದ ಅಂಚಲ್ಲೇ ಸೀಳು ಬಿಟ್ಟಿತ್ತು. ಎಲ್ಲಿ ತಪ್ತಾ ಇದೀನಿ?

ಗಾಜಿನಕೆಲಸ
ಕಿಲ್ನ್ ತಪ್ಪಲ್ಲ ಮೇಡಂ, ಬಳೆ ಗಾಜೂ ನಿಮ್ಮ ರಾಡೂ ಒಂದೇ ಅಳತೇಲಿ ಕುಗ್ಗಲ್ಲ, ಅದಕ್ಕೇ ಸೀಳೋದು. ಎರಡನ್ನೂ ಅಕ್ಕಪಕ್ಕ ಅಂಟಿಸಿ ಕಾಯಿಸಿ ಕೂದಲಷ್ಟು ತೆಳ್ಳಗೆ ಎಳೆದು ನೋಡಿ, ಆರಿದ ಮೇಲೂ ಎಳೆ ನೆಟ್ಟಗಿದ್ರೆ ಸರಿ, ಬಾಗಿದ್ರೆ ಆ ಎರಡನ್ನ ಸೇರಿಸಲೇಬೇಡಿ. ಅಜ್ಜಿಯ ಬಳೆ ಎಸೀಬೇಡಿ ಮತ್ತೆ, ಬರೀ ಅದರಲ್ಲೇ ಚಿಕ್ಕ ಮಣಿ ಮಾಡಿ ನಡುನಡುವೆ ಪೋಣಿಸ್ಬಹುದು.

ಇನ್ನು ಬಣ್ಣ. ಒಂದು ಕನಕಾಂಬರ ಬೆಳಕಿಗೆ ಹಿಡಿದು ನೋಡಿ, ದಳ ಎಷ್ಟು ತೆಳು ಅಂದ್ರೆ ಬೆಳಕು ಹಾದು ಬರುತ್ತೆ, ಬುಡದ ಹತ್ರ ಹಳದಿ ಇದೆ. ಒಂದೇ ರಾಡಲ್ಲಿ ಅದು ಸಿಗಲ್ಲ. ನಾನು ಕೋರಲ್ (ಹವಳದ) ಬಣ್ಣದ ಗಾಜನ್ನ ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಮಾಡಿ, ಒಂದು ಪಕ್ಕಕ್ಕೆ ಹಳದಿ ಗೆರೆ ಎಳೆದು, ಮೇಲೆ ಪಾರದರ್ಶಕ ಆರೆಂಜ್ ತೆಳ್ಳಗೆ ಹೊದಿಸಿ 2 ಮಿ.ಮೀ. ಕಡ್ಡಿ ಎಳೀತೀನಿ. ಆ ಕಡ್ಡೀಲಿ ಚುಕ್ಕೆ ಇಟ್ಟು ಸೂಜಿಯಿಂದ ಒಳಗೆ ಎಳೆದ್ರೆ ದಳ ದಳವಾಗೇ ಕಾಣುತ್ತೆ. ಕೆಂಪು ಆರೆಂಜ್ ಗಾಜಲ್ಲಿ ಕ್ಯಾಡ್ಮಿಯಂ, ಸೆಲೆನಿಯಂ ಇರುತ್ತೆ, ಜಾಸ್ತಿ ಕಾಯಿಸಿದ್ರೆ ಕಂದು ತಿರುಗುತ್ತೆ, ನಿಮ್ಮ ಇಟ್ಟಿಗೆ ಬಣ್ಣ ಅಲ್ಲಿಂದಲೇ ಬಂದಿರೋದು. ಜ್ವಾಲೆಯ ತುದೀಲಿ ಮೆಲ್ಲಗೆ ಮಾಡಿ. ಎಲೆಗೆ ತಾಮ್ರ ಇರೋ ಹಸಿರು ಹಾಕೋದಾದ್ರೆ ಐವರಿ (ದಂತದ ಬಣ್ಣದ) ಗಾಜಿಗೆ ತಾಗಿಸ್ಬೇಡಿ, ಐವರಿಯ ಗಂಧಕಕ್ಕೆ ಸೇರಿ ಕಪ್ಪು ಗೆರೆ ಬೀಳುತ್ತೆ.

ಹುಬ್ಬಳ್ಳಿ_ಬೀಡ್ಸ್
ಅಕ್ಕಾರ, ಟಾರ್ಚ್ ಮುಂದ ಕುಂತಾಗ ಬಣ್ಣ ನಂಬಬ್ಯಾಡ್ರಿ. ನಾವು ಹಾಕ್ಕೊಳ್ಳೊ ಡಿಡಿಮಿಯಂ ಕನ್ನಡಕ ಸೋಡಿಯಂನ ಹಳದಿ ಬೆಳಕು ತಡೀತೈತಿ, ಅದರಾಗಿಂದ ನೋಡಿದ್ರ ಹಳದಿ, ಕೇಸರಿ ಖರೇ ತಿಳಿಯಂಗಿಲ್ಲ. ಮಣಿ ಪೂರ್ತಿ ಆರಿದ ಮ್ಯಾಲೆ ಹಗಲ ಬೆಳಕಿನ್ಯಾಗ ಹೂವಿನ ಬಾಜೂಕ ಇಟ್ಟು ನೋಡ್ರಿ. ನಾ ಜಕರಂದ ಹೂವಿನ ಬಣ್ಣಕ್ಕಂತ ನಿಯೋಡಿಮಿಯಂ ಇರೋ ಗಾಜು ತಂದಿದ್ದೆ, ಬಿಸಿಲಾಗ ಚಲೋ ನೇರಳೆ, ಟ್ಯೂಬ್‌ಲೈಟ್ ಕೆಳಗ ತಿಳಿನೀಲಿ ಆತು, ತಗೊಂಡೋರು ಬ್ಯಾರೆ ಮಣಿ ಕೊಟ್ರಿ ಅಂತ ಬ್ಯಾಸರ ಮಾಡ್ಕೊಂಡ್ರು. ಮತ್ತ ಎಕ್ಸಾಸ್ಟ್ ಹಾಕ್ಕೊಂಡ ಮಾಡ್ರಿ, ಕ್ಯಾಡ್ಮಿಯಂ ಹೊಗಿ ಚಲೋ ಅಲ್ಲ.

ಮಣಿಸರ_ಮೈಸೂರು
ಎಳೆ ಎಳೆದು ನೋಡಿದೆ, ಆರ್ತಾ ಆರ್ತಾ ಬಿಲ್ಲಿನ ಥರ ಬಾಗೋಯ್ತು! ಬಳೇದು ಬೇರೆ ಮಣಿ ಮಾಡ್ತೀನಿ, ಐಡಿಯಾ ತುಂಬಾ ಇಷ್ಟ ಆಯ್ತು. ಹಳದಿ ಗೆರೆ ಹಾಕಿದ ಕಡ್ಡೀಲಿ ಎರಡು ಮಣಿ ಮಾಡಿ ಕಿಲ್ನ್‌ಗೆ ಹಾಕಿದೀನಿ, ನಾಳೆ ಬೆಳಿಗ್ಗೆ ಹೂವಿನ ಪಕ್ಕ ಇಟ್ಟು ಫೋಟೋ ಹಾಕ್ತೀನಿ.